ಒಂಬತ್ತನೇ ತರಗತಿಯಲ್ಲಿ ಒಂದು ಇಡೀ ಕಾದಂಬರಿ: ಓದುವುದು ಹೇಗೆ, ಮಾತಾಡಿಸುವುದು ಹೇಗೆ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಒಂಬತ್ತನೇ ತರಗತಿಯಲ್ಲಿ 46 ಮಕ್ಕಳಿದ್ದಾರೆ. ಪಠ್ಯಪುಸ್ತಕದ ಆಚೆಗೆ ಒಂದು ಇಡೀ ಕಾದಂಬರಿಯನ್ನು ಅವರೊಂದಿಗೆ ಓದಿ ಚರ್ಚಿಸಬೇಕೆಂಬ ಆಸೆ. ಕಳೆದ ವರ್ಷ ಪ್ರಯತ್ನಿಸಿದೆ. ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನ ನಾಲ್ವರು ಉತ್ತರಿಸುತ್ತಾರೆ, ಉಳಿದವರು ‘ನೋಟ್ಸ್ ಕೊಡಿ ಟೀಚರ್’ ಎನ್ನುತ್ತಾರೆ. ಹತ್ತು ಹನ್ನೆರಡು ಮಕ್ಕಳಿಗೆ ಸರಾಗವಾಗಿ ಓದಲು ಬರುವುದಿಲ್ಲ. ಗ್ರಂಥಾಲಯದಲ್ಲಿ ‘ಕರ್ವಾಲೊ’ ಮತ್ತು ‘ಚೋಮನ ದುಡಿ’ಯ ಒಂದೊಂದು ಪ್ರತಿ ಇದೆ. ಯಾವುದನ್ನು ಆರಿಸಲಿ? ‘ಚೋಮನ ದುಡಿ’ ತೆಗೆದುಕೊಂಡರೆ ಜಾತಿಯ ಮಾತು ಬರುತ್ತದೆ, ಅದಕ್ಕೆ ಹೆದರಿಕೆ. ಪೋರ್ಷನ್ ಮುಗಿಯುವುದಿಲ್ಲ ಎಂದು ಮುಖ್ಯ ಶಿಕ್ಷಕರ ಆಕ್ಷೇಪ ಬೇರೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ನೋಟ್ಸ್ ಕೊಡಿ ಟೀಚರ್’ ಎಂಬ ಮಾತು. ಮಕ್ಕಳು ಸೋಮಾರಿತನದಿಂದ ಹಾಗೆ ಕೇಳುತ್ತಿಲ್ಲ. ಎಂಟು ವರ್ಷ ಶಾಲೆಯಲ್ಲಿ ಕುಳಿತು ಅವರು ಕಂಡುಕೊಂಡ ಸತ್ಯ ಅದು. ಟೀಚರ್ ಕೇಳುವ ಪ್ರತಿ ಪ್ರಶ್ನೆಗೂ ಒಂದು ಸರಿಯುತ್ತರ ಇರುತ್ತದೆ, ಅದು ಟೀಚರಿಗೆ ಮೊದಲೇ ಗೊತ್ತಿರುತ್ತದೆ, ಸ್ವಲ್ಪ ಕಾದರೆ ಬೋರ್ಡಿನ ಮೇಲೆ ಬಂದೇ ಬರುತ್ತದೆ. ಹೀಗಿರುವಾಗ ತಪ್ಪು ಹೇಳಿ ನಗೆಪಾಟಲಾಗಲು ಯಾರು ತಾನೇ ಮುಂದೆ ಬರುತ್ತಾರೆ? ಮುಂದಿನ ಬೆಂಚಿನ ನಾಲ್ವರಿಗೆ ನಿಮ್ಮ ಮನಸ್ಸಿನಲ್ಲಿರುವ ಉತ್ತರವನ್ನು ಊಹಿಸುವುದು ಕರಗತವಾಗಿದೆ, ಅಷ್ಟೇ. ಹಾಗಾಗಿ ನನ್ನ ಸಲಹೆಯೆಲ್ಲ ಒಂದೇ ಮಾತಿನ ಸುತ್ತ ಇರುತ್ತದೆ: ಕಾದಂಬರಿಯನ್ನು ಪಾಠ ಮಾಡಬೇಡಿ, ಮಕ್ಕಳ ಜೊತೆ ಕುಳಿತು ಓದಿ, ನಿಮಗೇ ಉತ್ತರ ಖಚಿತವಿಲ್ಲದ ಪ್ರಶ್ನೆಗಳನ್ನು ಮಾತ್ರ ಚರ್ಚೆಗೆ ಇಡಿ.

ಕಳೆದ ವರ್ಷ ಚರ್ಚೆ ಏಳಲಿಲ್ಲವೆಂದು ನೊಂದುಕೊಳ್ಳಬೇಡಿ. ಅಮೆರಿಕದ ಮಾರ್ಟಿನ್ ನಿಸ್ಟ್ರಾಂಡ್ ಮತ್ತು ಸಂಗಡಿಗರು ಎಂಟು ಮತ್ತು ಒಂಬತ್ತನೇ ತರಗತಿಗಳ ನೂರಕ್ಕೂ ಹೆಚ್ಚು ಸಾಹಿತ್ಯ ತರಗತಿಗಳಲ್ಲಿ ಕುಳಿತು ನಡೆಸಿದ ಅಧ್ಯಯನ 1997ರಲ್ಲಿ ಪುಸ್ತಕವಾಗಿ ಬಂತು. ಮಕ್ಕಳು ನಿಜವಾಗಿ ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸಿ ಚರ್ಚಿಸಿದ ಸಮಯವನ್ನು ಅವರು ಅಳೆದರು. ಎಂಟನೇ ತರಗತಿಯಲ್ಲಿ ಒಂದು ಪೀರಿಯಡ್ಡಿಗೆ ಸರಾಸರಿ 50 ಸೆಕೆಂಡು, ಒಂಬತ್ತನೆಯದರಲ್ಲಿ 15 ಸೆಕೆಂಡಿಗೂ ಕಡಿಮೆ. ಪುಸ್ತಕಗಳಿಗೆ ಕೊರತೆಯಿಲ್ಲದ ದೇಶದ ಕತೆ ಇದು. ಅದೇ ಅಧ್ಯಯನ ಇನ್ನೊಂದನ್ನೂ ತೋರಿಸಿತು. ಶಿಕ್ಷಕರು ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿ, ಮಗು ಹೇಳಿದ್ದನ್ನೇ ಹಿಡಿದು ಮುಂದಿನ ಪ್ರಶ್ನೆ ಕಟ್ಟಿದ ಕಡೆ ಮಕ್ಕಳ ಸಾಹಿತ್ಯ ಗ್ರಹಿಕೆ ಹೆಚ್ಚು ಚೆನ್ನಾಗಿತ್ತು.

ಈಗ ಪುಸ್ತಕದ ಆಯ್ಕೆ. ಈ ವರ್ಷ ‘ಕರ್ವಾಲೊ’ ಓದಿ. ‘ಚೋಮನ ದುಡಿ’ಯನ್ನು ಇದೇ ಮಕ್ಕಳು ಹತ್ತನೇ ತರಗತಿಗೆ ಬಂದಾಗ, ಒಟ್ಟಿಗೆ ಮಾತಾಡಿ ಅಭ್ಯಾಸವಾದ ಮೇಲೆ ತೆಗೆದುಕೊಳ್ಳಿ. ಕಾರಣವನ್ನು ಆಮೇಲೆ ಹೇಳುತ್ತೇನೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಂದದ್ದು 1980ರಲ್ಲಿ. ಸುಮಾರು 150 ಪುಟದ ಪುಸ್ತಕ. ನಿರೂಪಕ ಒಬ್ಬ ಕೃಷಿಕ. ಮೂಡಿಗೆರೆಯ ಜೇನು ಸೊಸೈಟಿಗೆ ಜೇನುತುಪ್ಪ ಕೊಳ್ಳಲು ಹೋಗುವಲ್ಲಿಂದ ಕತೆ ಶುರುವಾಗುತ್ತದೆ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣ ಇದ್ದಾನೆ, ವಿಜ್ಞಾನಿ ಕರ್ವಾಲೊ ಇದ್ದಾರೆ, ಬಿರಿಯಾನಿ ಕರಿಯಪ್ಪ, ನಿರೂಪಕನ ಆಳು ಪ್ಯಾರ ಇದ್ದಾರೆ, ಕಿವಿ ಎಂಬ ನಾಯಿಯೂ ಇದೆ. ಕೊನೆಗೆ ಎಲ್ಲರೂ ಹಾರುವ ಓತಿಯನ್ನು ಹುಡುಕಿಕೊಂಡು ಪಶ್ಚಿಮ ಘಟ್ಟದ ಕಾಡಿಗೆ ಹೊರಡುತ್ತಾರೆ. ನಗಿಸುವ ಪುಸ್ತಕ, ಮುಂದೇನು ಎಂದು ಎಳೆದುಕೊಂಡು ಹೋಗುವ ಪುಸ್ತಕ. ಹದಿನಾಲ್ಕು ವರ್ಷದವರಿಗೆ ಇಡೀ ಕಾದಂಬರಿಯ ಮೊದಲ ರುಚಿ ಹತ್ತಿಸಲು ಈ ಎರಡು ಗುಣಗಳನ್ನು ನಾನು ಬಹಳ ದೊಡ್ಡವೆಂದು ತಿಳಿಯುತ್ತೇನೆ. ಗಂಭೀರವಾದದ್ದನ್ನೇ ಮೊದಲು ಓದಿಸಬೇಕೆಂಬ ಹಟ ನಮ್ಮ ಭಾಷಾ ಶಿಕ್ಷಕರಲ್ಲಿ ಹೆಚ್ಚು, ಅದರಿಂದ ಓದುಗರನ್ನು ಕಳೆದುಕೊಂಡಿದ್ದೇವೆ.

ಮಲೆನಾಡಿನ ಕಾಡು ರಾಯಚೂರಿನ ಮಕ್ಕಳಿಗೆ ಅಪರಿಚಿತವಲ್ಲವೇ ಎಂದು ನೀವು ಕೇಳಬಹುದು. ಅಪರಿಚಿತವೇ. ಅದರಿಂದ ಲಾಭವೇ ಹೆಚ್ಚು. ತುಡುವೆ ಜೇನು, ಹೆಜ್ಜೇನು, ಕೋಲುಜೇನುಗಳ ವ್ಯತ್ಯಾಸ ನಿಮಗೂ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ತರಗತಿಯಲ್ಲಿ ಜೇನು ಕೀಳುವ ಮನೆಯ ಒಬ್ಬ ಹುಡುಗ ಇದ್ದರೆ ಆ ದಿನ ಅವನೇ ಗುರು. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ ಹುಡುಗನಿಗೆ ತನಗೆ ಗೊತ್ತಿರುವುದು ಕನ್ನಡ ಪೀರಿಯಡ್ಡಿನಲ್ಲಿ ಕೆಲಸಕ್ಕೆ ಬಂತು ಎಂಬ ಅನುಭವ ಸಿಗಬೇಕು. ಮಂದಣ್ಣನ ಕತೆಯೂ ಅದೇ ಆಗಿರುವುದರಿಂದ ಮಕ್ಕಳೇ ಈ ನಂಟನ್ನು ಹಿಡಿಯುತ್ತಾರೆ.

ಇನ್ನು ಓದುವ ಕ್ರಮ. ಗಟ್ಟಿಯಾಗಿ, ನೀವೇ ಓದಿ. ಒಬ್ಬೊಬ್ಬರನ್ನೇ ಎಬ್ಬಿಸಿ ಒಂದೊಂದು ಪ್ಯಾರಾ ಓದಿಸುವ ಪದ್ಧತಿಯನ್ನು ಈ ಪುಸ್ತಕಕ್ಕಂತೂ ಬಿಟ್ಟುಬಿಡಿ. ತಡವರಿಸುವ ಮಗುವಿಗೆ ಅದು ಎಲ್ಲರೆದುರು ಅವಮಾನ, ಕೇಳುವವರಿಗೆ ಕತೆಯ ಎಳೆ ತುಂಡಾಗುವ ಹಿಂಸೆ. ಸಂಭಾಷಣೆ ಹೆಚ್ಚಿರುವ ಪುಟಗಳಲ್ಲಿ ಮಾತ್ರ, ಹಿಂದಿನ ದಿನವೇ ಹೇಳಿ ತಯಾರಾದ ಮಕ್ಕಳಿಗೆ ಮಂದಣ್ಣನ ಮಾತು, ಕರ್ವಾಲೊ ಅವರ ಮಾತು, ಕರಿಯಪ್ಪನ ಮಾತು ಎಂದು ಹಂಚಿಕೊಡಿ. ಸರಾಗವಾಗಿ ಓದಲು ಬಾರದ ಒಬ್ಬ ಹುಡುಗನಿಗೆ ಪ್ಯಾರನ ನಾಲ್ಕು ಸಾಲು ಕೊಟ್ಟರೆ ಅವನು ರಾತ್ರಿ ಕುಳಿತು ಅದನ್ನು ಬಾಯಿಪಾಠವೇ ಮಾಡಿಕೊಂಡು ಬರುತ್ತಾನೆ, ಬರಲಿ, ತೊಂದರೆಯಿಲ್ಲ.

ಹತ್ತು ಹನ್ನೆರಡು ಮಕ್ಕಳಿಗೆ ಓದಲು ಬರುವುದಿಲ್ಲ ಎಂದಿದ್ದೀರಿ. ಕಾದಂಬರಿಯಿಂದ ಹೆಚ್ಚು ಗಳಿಸುವವರು ಅವರೇ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನದಲ್ಲಿ 20 ಇಂಗ್ಲಿಷ್ ಶಿಕ್ಷಕರು 12–13 ವಯಸ್ಸಿನ ಮಕ್ಕಳಿಗೆ ಎರಡು ಕಷ್ಟದ ಕಾದಂಬರಿಗಳನ್ನು 12 ವಾರಗಳಲ್ಲಿ ಒಂದರ ಹಿಂದೊಂದು, ಬೇಗಬೇಗ, ತರಗತಿಯಲ್ಲೇ ಗಟ್ಟಿಯಾಗಿ ಓದಿದರು. ನಡುನಡುವೆ ವ್ಯಾಕರಣ, ಸಾರಾಂಶ, ವರ್ಕ್‌ಶೀಟ್ ಎಂದು ನಿಲ್ಲಿಸಲಿಲ್ಲ. ಓದಿ ಅರ್ಥಮಾಡಿಕೊಳ್ಳುವ ಶಕ್ತಿಯಲ್ಲಿ ಮಕ್ಕಳು ಸರಾಸರಿ ಎಂಟೂವರೆ ತಿಂಗಳಷ್ಟು ಮುಂದೆ ಬಂದರು. ಓದಿನಲ್ಲಿ ಹಿಂದುಳಿದವರು 16 ತಿಂಗಳಷ್ಟು. ಅವರ ಅಂಕಿಯನ್ನು ನಮ್ಮ ಶಾಲೆಗೆ ಹಾಗೇ ಅಂಟಿಸುವುದು ಸರಿಯಲ್ಲ. ಕಾರಣ ಮಾತ್ರ ಇಲ್ಲಿಗೂ ಸಲ್ಲುತ್ತದೆ: ಓದಲು ತಡವರಿಸುವ ಮಗುವಿಗೆ ನಾವು ಸದಾ ಒಂದೊಂದು ಪ್ಯಾರಾ, ಒಂದೊಂದು ತುಣುಕು ಕೊಡುತ್ತೇವೆ, ಹಾಗಾಗಿ ಒಂದು ಉದ್ದದ ಕತೆ ಕೂಡಿಕೊಳ್ಳುತ್ತ ಹೋಗುವ ಸುಖ ಅದಕ್ಕೆ ಯಾವತ್ತೂ ಸಿಕ್ಕಿರುವುದಿಲ್ಲ.

ಗಟ್ಟಿಯಾಗಿ ಓದಲು ಒಂದು ಪುಟಕ್ಕೆ ಎರಡರಿಂದ ಎರಡೂವರೆ ನಿಮಿಷ ಹಿಡಿಯಿರಿ. 150 ಪುಟಕ್ಕೆ ಐದರಿಂದ ಆರು ಗಂಟೆ. ವಾರಕ್ಕೆ 40 ನಿಮಿಷದ ಎರಡು ಪೀರಿಯಡ್ ಎತ್ತಿಟ್ಟು, ಪ್ರತಿಯೊಂದರಲ್ಲೂ 25 ನಿಮಿಷ ಓದಿ 15 ನಿಮಿಷ ಮಾತಾಡಿದರೆ ಏಳೆಂಟು ವಾರದಲ್ಲಿ ಪುಸ್ತಕ ಮುಗಿಯುತ್ತದೆ. ಜುಲೈ ಮೊದಲ ವಾರ ಶುರು ಮಾಡಿದರೆ ದಸರಾ ರಜೆಗೆ ಮುಂಚಿನ ಪರೀಕ್ಷೆಗೆ ಸಾಕಷ್ಟು ಮೊದಲೇ ಮುಗಿಸಬಹುದು. ಪದಗಳ ಅರ್ಥಕ್ಕಾಗಿ ನಿಲ್ಲಬೇಡಿ. ಗೊತ್ತಿಲ್ಲದ ಪದ ದಾಟಿಕೊಂಡು ಹೋದರೂ ಕತೆ ಅರ್ಥವಾಗುತ್ತದೆ ಎಂಬುದನ್ನು ಕಲಿಯುವುದೇ ಓದು ಕಲಿಯುವುದರ ದೊಡ್ಡ ಪಾಲು.

ಒಂದೇ ಪ್ರತಿ ಇದೆ ಎಂಬುದು ನಿಜವಾದ ಅಡಚಣೆ. ಕೇಳಲು ಒಂದು ಪ್ರತಿ ಸಾಕು, ಚರ್ಚಿಸಲು ಸಾಲದು. ಆರು ಮಕ್ಕಳಿಗೊಂದರಂತೆ ಎಂಟು ಪ್ರತಿಯಾದರೂ ಬೇಕು. ಶಾಲೆಯ ಅನುದಾನ, ಹಳೆಯ ವಿದ್ಯಾರ್ಥಿಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಎಲ್ಲರನ್ನೂ ಕೇಳಿ. ಎಂಟು ಪುಸ್ತಕದ ಬೆಲೆ ದೊಡ್ಡದೇನಲ್ಲ. ಅದುವರೆಗೆ, ಆ ದಿನ ಚರ್ಚಿಸುವ ಎರಡು ಮೂರು ಪುಟಗಳ ಜೆರಾಕ್ಸ್ ತೆಗೆಸಿ ಹಂಚಿ. ಪಾಠ ಮಾಡುವ ಸಂದರ್ಭದಲ್ಲಿ ಶಿಕ್ಷಕರು ಹೀಗೆ ಪ್ರತಿ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ಅವಕಾಶವಿದೆ. ಇಡೀ ಪುಸ್ತಕವನ್ನು ಜೆರಾಕ್ಸ್ ಮಾಡಿಸುವುದು ಬೇಡ, ಲೇಖಕರ ಹಕ್ಕನ್ನು ಗೌರವಿಸುವುದನ್ನೂ ಮಕ್ಕಳು ನಮ್ಮಿಂದಲೇ ಕಲಿಯುತ್ತಾರೆ.

ಈಗ ನೀವು ಮುಖ್ಯವಾಗಿ ಕೇಳಿದ ಚರ್ಚೆಯ ವಿಷಯ. ಓದು ನಿಂತ ಕೂಡಲೇ ಪ್ರಶ್ನೆ ಕೇಳಬೇಡಿ. ಎರಡು ನಿಮಿಷ ಎಲ್ಲರೂ ಮೌನವಾಗಿ ತಮ್ಮ ಪುಸ್ತಕದಲ್ಲಿ ಒಂದು ಸಾಲು ಬರೆಯಲಿ: ಇವತ್ತು ಓದಿದ್ದರಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಯಾವುದು? ಉತ್ತರ ಬರೆಯುವುದಲ್ಲ, ಗೊಂದಲ ಬರೆಯುವುದು. ಬರೆದಿಟ್ಟುಕೊಂಡವರಿಗೆ ಬಾಯಿ ತೆರೆಯಲು ಒಂದು ಆಸರೆ ಇರುತ್ತದೆ. ಆಮೇಲೆ ಆರಾರು ಜನರ ಗುಂಪಿನಲ್ಲಿ ಐದು ನಿಮಿಷ ಮಾತಾಡಲಿ. ಪ್ರತಿ ಗುಂಪು ತನ್ನೊಳಗಿನ ಒಂದೇ ಒಂದು ಪ್ರಶ್ನೆಯನ್ನು ಆರಿಸಿ ಬೋರ್ಡಿನ ಮೇಲೆ ಬರೆಯಲಿ. ಎಂಟು ಪ್ರಶ್ನೆಗಳಾದವು. ಅವುಗಳಲ್ಲಿ ಯಾವುದನ್ನು ಇವತ್ತು ಎತ್ತಿಕೊಳ್ಳಬೇಕು ಎಂಬುದನ್ನು ತರಗತಿಯೇ ತೀರ್ಮಾನಿಸಲಿ. ಸೀಮೆಸುಣ್ಣ ಮಕ್ಕಳ ಕೈಗೆ ಹೋದರೆ ನಾಲ್ವರ ಯಜಮಾನಿಕೆ ತಾನಾಗಿ ಸಡಿಲವಾಗುತ್ತದೆ.

ಎಂಥ ಪ್ರಶ್ನೆಗಳು ಏಳಬಹುದು? ‘ಕರ್ವಾಲೊ’ದ ಮೊದಲ ಅರ್ಧದಲ್ಲಿ ನಿರೂಪಕನನ್ನು ಕಾಡುವ ವಿಷಯವೇ ಮಕ್ಕಳನ್ನೂ ಕಾಡುತ್ತದೆ: ಇಷ್ಟು ದೊಡ್ಡ ವಿಜ್ಞಾನಿ ಈ ಮಂದಣ್ಣನನ್ನು ಯಾಕೆ ಇಷ್ಟು ಹಚ್ಚಿಕೊಂಡಿದ್ದಾರೆ? ನಾನು ನೋಡಿದ ಒಂದು ತರಗತಿಯಲ್ಲಿ ಒಬ್ಬ ಹುಡುಗ ಎದ್ದು, ‘ಅವನಿಂದ ಏನೋ ಕೆಲಸ ಆಗಬೇಕು, ಅದಕ್ಕೆ’ ಎಂದ. ಶಿಕ್ಷಕರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ‘ಹಾಗಂತ ಯಾವ ಪುಟದಲ್ಲಿ ಅನ್ನಿಸಿತು, ತೋರಿಸು’ ಎಂದರು. ಅವನು ಪುಟ ಹುಡುಕಿ ಓದಿದ. ಓದುತ್ತಿರುವಾಗಲೇ ಇನ್ನೊಬ್ಬಳು, ‘ಇಲ್ಲ, ಅದರ ಕೆಳಗಿನ ಸಾಲು ನೋಡು, ಅವನಿಗೆ ಕಂಡದ್ದು ಬೇರೆಯವರಿಗೆ ಕಾಣುವುದಿಲ್ಲ ಅಂತ ಅವರಿಗೆ ಗೊತ್ತು’ ಎಂದಳು. ಎಲ್ಲರೂ ಪುಸ್ತಕದ ಮೇಲೆ ಬಗ್ಗಿದರು. ‘ಪುಟ ತೋರಿಸು’ ಎಂಬ ಆ ಎರಡು ಪದಗಳಿಗಿಂತ ಹೆಚ್ಚಿನ ಬೋಧನಾ ವಿಧಾನ ಯಾವುದನ್ನೂ ನಾನು ನಿಮಗೆ ಕೊಡಲಾರೆ. ಬಾಯಿಗೆ ಬಂದದ್ದು ಹೇಳುವುದಕ್ಕೂ ಅಭಿಪ್ರಾಯ ಹೇಳುವುದಕ್ಕೂ ಇರುವ ಅಂತರವನ್ನು ಮಕ್ಕಳು ಪುಟ ತಿರುವಿಯೇ ಕಲಿಯುತ್ತಾರೆ. ಮನಸ್ಸು ಬದಲಾಯಿಸುವುದೂ ಸೋಲಲ್ಲ ಎಂದು ಅಲ್ಲಿಯೇ ತಿಳಿಯುತ್ತದೆ.

ಮುಂದೆ ಹೋದಂತೆ ಇನ್ನೂ ಚೆಂದದ ಪ್ರಶ್ನೆಗಳು ಬರುತ್ತವೆ. ‘ನಾನು’ ಎಂದು ಕತೆ ಹೇಳುವವರು ತೇಜಸ್ವಿಯೇ ಅಥವಾ ಬೇರೆ ಯಾರೋ? ಕಳ್ಳಭಟ್ಟಿ ಪ್ರಕರಣದಲ್ಲಿ ಸಿಕ್ಕಿಬಿದ್ದ ಮಂದಣ್ಣ ತಪ್ಪಿತಸ್ಥನೇ? ಕಾಡಿಗೆ ಹೊರಟ ತಂಡದಲ್ಲಿ ಒಬ್ಬ ಹೆಂಗಸೂ ಯಾಕಿಲ್ಲ? ಈ ಕೊನೆಯ ಪ್ರಶ್ನೆಯನ್ನು ಒಬ್ಬ ಹುಡುಗಿಯಾದರೂ ಕೇಳುತ್ತಾಳೆ. ಕೇಳಿದಾಗ ‘ಅದು ಆ ಕಾಲ’ ಎಂದು ಮುಚ್ಚಿಬಿಡಬೇಡಿ. ಕತೆಯಲ್ಲಿ ಮಂದಣ್ಣನನ್ನು ಮದುವೆಯಾಗುವ ರಾಮಿ ಎಲ್ಲೆಲ್ಲಿ ಬರುತ್ತಾಳೆ, ಅವಳಿಗೆ ಎಷ್ಟು ಮಾತುಗಳಿವೆ ಎಂದು ಎಣಿಸಲು ಹೇಳಿ. ಮೆಚ್ಚಿದ ಪುಸ್ತಕವನ್ನೂ ಪ್ರಶ್ನಿಸಬಹುದು ಎಂಬುದು ಮಕ್ಕಳಿಗೆ ತಿಳಿಯಬೇಕು.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಶಿಕ್ಷಕರು ಉತ್ತರಕ್ಕಾಗಿ ಸಾಮಾನ್ಯವಾಗಿ ಒಂದೇ ಸೆಕೆಂಡು ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಮಾತಾಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟರು. ಮೂರು ಸೆಕೆಂಡು ತರಗತಿಯಲ್ಲಿ ನಿಂತವರಿಗೆ ಬಹಳ ದೀರ್ಘ ಅನ್ನಿಸುತ್ತದೆ. ಮನಸ್ಸಿನಲ್ಲೇ ಎಣಿಸಿ.

ಇನ್ನೊಂದು ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಚರ್ಚೆಯ ಹೊತ್ತಿನಲ್ಲಿ ಮಕ್ಕಳ ಭಾಷೆಯನ್ನು ತಿದ್ದಬಾರದು. ನಿಮ್ಮ ತರಗತಿಯಲ್ಲಿ ರಾಯಚೂರಿನ ಕನ್ನಡ ಇರುತ್ತದೆ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳೂ ಇರಬಹುದು. ಒಂದು ಮಗು ಧೈರ್ಯ ಮಾಡಿ ತನ್ನ ಮಾತಿನಲ್ಲಿ ಮಂದಣ್ಣನ ಪರ ವಾದಿಸುತ್ತಿರುವಾಗ ಉಚ್ಚಾರಣೆ ತಿದ್ದಿದರೆ ಆ ಮಗು ಮುಂದಿನ ಆರು ತಿಂಗಳು ಬಾಯಿ ಬಿಡುವುದಿಲ್ಲ. ಗ್ರಾಂಥಿಕ ಕನ್ನಡ ಬರವಣಿಗೆಯಲ್ಲಿ ಬರಲಿ, ಅದನ್ನು ಅಲ್ಲಿ ತಿದ್ದಿ. ತೇಜಸ್ವಿಯವರ ಪಾತ್ರಗಳೂ ತಮ್ಮ ತಮ್ಮ ಆಡುಮಾತಿನಲ್ಲಿಯೇ ಮಾತಾಡುತ್ತವೆ. ಪುಸ್ತಕದಲ್ಲಿ ಅಚ್ಚಾಗಿರುವುದನ್ನು ತರಗತಿಯಲ್ಲಿ ತಪ್ಪೆನ್ನಲು ನಮಗೇನು ಅಧಿಕಾರ?

ಹಾರುವ ಓತಿಯ ವಿಡಿಯೊವನ್ನು ಮೊದಲೇ ತೋರಿಸಬೇಡಿ. ಪ್ರಾಣಿ ನಿಜವಾದದ್ದೇ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಇದೆ. ಪಕ್ಕೆಲುಬುಗಳು ಹೊರಚಾಚಿ ಅವುಗಳ ನಡುವಿನ ಪೊರೆ ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ. ಆದರೆ ಪುಸ್ತಕದಲ್ಲಿ ಅದು ಕಾಣಿಸಿಕೊಳ್ಳುವವರೆಗೆ ‘ಇದು ನಿಜವಾ, ಸುಳ್ಳಾ?’ ಎಂಬ ಜಗಳ ತರಗತಿಯಲ್ಲಿ ನಡೆಯುತ್ತಿರಬೇಕು. ಅದು ಮುಗಿದ ಮೇಲೆ ವಿಜ್ಞಾನ ಶಿಕ್ಷಕರನ್ನು ಒಂದು ಪೀರಿಯಡ್ಡಿಗೆ ಕರೆಯಿರಿ. ಓತಿ ಕೊನೆಗೆ ಕೈಗೆ ಸಿಗದೆ ಪ್ರಪಾತದ ಕಡೆಗೆ ಹಾರಿಹೋಗುತ್ತದಲ್ಲ, ಆ ಭಾಗವನ್ನು ಓದಿದ ದಿನ ಚರ್ಚೆ ಇಡಬೇಡಿ. ಮನೆಗೆ ಹೋಗಿ ಒಂದು ರಾತ್ರಿ ಕಳೆದು ಬರಲಿ. ಮರುದಿನ ಕೇಳಬಹುದು: ಇಷ್ಟೆಲ್ಲ ಹುಡುಕಿ ಸಿಗದೆ ಹೋದದ್ದಕ್ಕೆ ನಿಮಗೆ ಬೇಸರವಾಯಿತೇ? ಕರ್ವಾಲೊ ಅವರಿಗೆ? ಎರಡೂ ಉತ್ತರ ಒಂದೇ ಇರುವುದಿಲ್ಲ. ‘ಈ ಕಾದಂಬರಿಯಿಂದ ನಾವು ಕಲಿಯುವ ನೀತಿ ಏನು?’ ಎಂಬ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ. ಅದನ್ನು ಕೇಳಿದ ಕ್ಷಣ ಮಕ್ಕಳು ನೋಟ್ಸಿಗೆ ಪೆನ್ನು ತೆಗೆಯುತ್ತಾರೆ.

‘ಚೋಮನ ದುಡಿ’ಯ ಬಗ್ಗೆ ಹೆದರಿಕೆ ಎಂದಿದ್ದೀರಿ. ಆ ಹೆದರಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಅದರಿಂದ ಪುಸ್ತಕವನ್ನೇ ಬಿಟ್ಟುಬಿಡುವುದು ಬೇಡ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ಈ ಸಣ್ಣ ಕಾದಂಬರಿಯಲ್ಲಿ ಚೋಮನ ಆಸೆ ಒಂದೇ, ತನ್ನದೆಂದು ಒಂದು ತುಂಡು ಹೊಲ ಉಳಬೇಕು. ಹುಟ್ಟಿದ ಜಾತಿಯ ಕಾರಣಕ್ಕೆ ಅದು ಅವನಿಗೆ ಸಿಗುವುದಿಲ್ಲ. ಕಾಫಿ ತೋಟದ ಸಾಲ, ಮಕ್ಕಳ ಸಾವು, ಮಗಳು ಬೆಳ್ಳಿಯ ಬದುಕು, ಎಲ್ಲವೂ ಒಂದರ ಮೇಲೊಂದು ಬಂದು ಬೀಳುತ್ತವೆ. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದೂ ಮುಟ್ಟಬಾರದೆಂದು ಉಳಿಸುವುದಿಲ್ಲ. ಆ ಪುಟ ಓದಿದ ಮೇಲೆ ನಿಮ್ಮ ತರಗತಿಯ 46 ಮಕ್ಕಳಲ್ಲಿ ಕೆಲವರಿಗೆ ಅದು ಹಳೆಯ ಕಾಲದ ಕತೆಯಾಗಿರುತ್ತದೆ, ಕೆಲವರಿಗೆ ಮನೆಯಲ್ಲಿ ಅಜ್ಜ ಹೇಳಿದ್ದಾಗಿರುತ್ತದೆ, ಇನ್ನು ಕೆಲವರಿಗೆ ಹೋದ ವಾರ ಹೋಟೆಲಿನಲ್ಲೋ ನಲ್ಲಿಯ ಬಳಿಯೋ ನಡೆದದ್ದಾಗಿರುತ್ತದೆ. ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳುವ ಅಭ್ಯಾಸವಾಗದ ತರಗತಿಗೆ ಈ ಭಾರ ಹೊರಿಸಬಾರದು. ಮೊದಲು ‘ಕರ್ವಾಲೊ’ ಎಂದದ್ದು ಅದಕ್ಕೇ.

ಮುಂದಿನ ವರ್ಷ ಓದುವಾಗ ಕೆಲವು ಎಚ್ಚರಗಳು ಬೇಕು. ದಲಿತ ಮಕ್ಕಳ ಕಡೆ ತಿರುಗಿ ‘ನಿಮ್ಮ ಕೇರಿಯಲ್ಲಿ ಹೇಗೆ?’ ಎಂದು ಎಂದಿಗೂ ಕೇಳಬೇಡಿ. ಯಾವ ಮಗುವೂ ತನ್ನ ಸಮುದಾಯದ ಪರವಾಗಿ ಸಾಕ್ಷಿ ಹೇಳಲು ಶಾಲೆಗೆ ಬಂದಿಲ್ಲ. ತಾನಾಗಿ ಹೇಳಬಯಸಿದರೆ ಕೇಳಿಸಿಕೊಳ್ಳಿ, ಇಡೀ ತರಗತಿ ಕೇಳಿಸಿಕೊಳ್ಳುವಂತೆ ನೋಡಿಕೊಳ್ಳಿ. ಪುಸ್ತಕದಲ್ಲಿ ಬರುವ ಜಾತಿಸೂಚಕ ಪದಗಳನ್ನು ಓದುವ ಹೊಣೆ ನಿಮ್ಮದು, ಮಕ್ಕಳ ಬಾಯಲ್ಲಿ ಓದಿಸಬೇಡಿ. ಆ ಪದ ಪುಸ್ತಕದ ಹೊರಗೆ ಆಟದ ಮೈದಾನಕ್ಕೆ ಹೋಗಬಾರದು ಎಂದು ಮೊದಲ ದಿನವೇ ನೇರವಾಗಿ ಹೇಳಿ. ‘ಈಗ ಅದೆಲ್ಲ ಎಲ್ಲಿದೆ ಟೀಚರ್?’ ಎಂದು ಒಬ್ಬ ಹುಡುಗ ಹೇಳಿಯೇ ಹೇಳುತ್ತಾನೆ. ಅವನನ್ನು ಗದರಿಸಬೇಡಿ, ಹೌದೆಂದು ತಲೆಯನ್ನೂ ಆಡಿಸಬೇಡಿ. ಅಸ್ಪೃಶ್ಯತೆಯನ್ನು ರದ್ದುಮಾಡಿದ ಸಂವಿಧಾನದ 17ನೇ ವಿಧಿಯನ್ನು ಬೋರ್ಡಿನ ಮೇಲೆ ಬರೆದು, ಕಾದಂಬರಿ ಬಂದು 17 ವರ್ಷದ ಮೇಲೆ ಇದು ಜಾರಿಗೆ ಬಂತು ಎಂದು ಹೇಳಿ, ಚೋಮನಿಗೆ ಇದು ಸಿಕ್ಕಿದ್ದರೆ ಕತೆಯಲ್ಲಿ ಯಾವುದು ಬದಲಾಗುತ್ತಿತ್ತು, ಯಾವುದು ಹಾಗೇ ಉಳಿಯುತ್ತಿತ್ತು ಎಂದು ಗುಂಪುಗಳಿಗೆ ಕೇಳಿ. ಅಸ್ಪೃಶ್ಯತೆ ಹೋದರೆ ಹೊಲ ತಾನಾಗಿ ಬರುತ್ತದೆಯೇ ಎಂಬಲ್ಲಿಗೆ ಮಾತು ತಲುಪಿದರೆ ನಿಮ್ಮ ತರಗತಿ ಪುಸ್ತಕವನ್ನು ಸರಿಯಾಗಿ ಓದಿದೆ.

ಕಾರಂತರು ಚೋಮನ ಬದುಕನ್ನು ಹೊರಗಿನಿಂದ ಕಂಡು ಬರೆದವರು. ಇದನ್ನೂ ಮಕ್ಕಳ ಮುಂದೆ ಇಡಬಹುದು. ಕಾದಂಬರಿ ಮುಗಿದ ಮೇಲೆ ದಲಿತ ಲೇಖಕರ ಆತ್ಮಕಥೆಗಳಾದ ಸಿದ್ಧಲಿಂಗಯ್ಯನವರ ‘ಊರುಕೇರಿ’ಯಿಂದಲೋ ಅರವಿಂದ ಮಾಲಗತ್ತಿಯವರ ‘ಗೌರ್ನಮೆಂಟ್ ಬ್ರಾಹ್ಮಣ’ದಿಂದಲೋ ಕೆಲವು ಪುಟ ಓದಿ, ಒಳಗಿನಿಂದ ಹೇಳಿದಾಗ ಏನೇನು ಕಾಣುತ್ತದೆ ಎಂದು ಕೇಳಿ. ಬಿ.ವಿ. ಕಾರಂತರು 1975ರಲ್ಲಿ ಮಾಡಿದ, ಸ್ವರ್ಣಕಮಲ ಪಡೆದ ಸಿನಿಮಾವನ್ನು ಓದು ಪೂರ್ತಿ ಮುಗಿದ ಮೇಲೆ ತೋರಿಸಿ. ಮೊದಲೇ ತೋರಿಸಿದರೆ ಚೋಮನ ಮುಖ ಎಲ್ಲರಿಗೂ ಆ ಪಾತ್ರ ಮಾಡಿದ ವಾಸುದೇವರಾಯರ ಮುಖವೇ ಆಗಿಬಿಡುತ್ತದೆ.

ಪೋರ್ಷನ್ನಿನ ಮಾತು. ಮುಖ್ಯ ಶಿಕ್ಷಕರ ಆತಂಕ ಸಹಜ, ಫಲಿತಾಂಶ ಇಳಿದರೆ ಉತ್ತರ ಹೇಳಬೇಕಾದವರು ಅವರು. ವಾರಕ್ಕೆ ಎರಡು ಪೀರಿಯಡ್, ಎಂಟು ವಾರ, ಮುಗಿಯುವ ದಿನಾಂಕ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಪಠ್ಯಪುಸ್ತಕದ ಪಠ್ಯಪೂರಕ ಅಧ್ಯಯನವನ್ನು ಮಕ್ಕಳು ಸ್ವಂತವಾಗಿ ಓದಿಕೊಳ್ಳುವಂತೆ ಮಾಡಿ ಸ್ವಲ್ಪ ಸಮಯ ಉಳಿಸಬಹುದು. ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ಜೊತೆಜೊತೆಗೇ ನಡೆಯುವ ಮೌಲ್ಯಮಾಪನದ) ಒಂದು ಚಟುವಟಿಕೆಯನ್ನು ಈ ಕಾದಂಬರಿಗೆ ಜೋಡಿಸಿದರೆ ದಾಖಲೆಯೂ ಸಿಗುತ್ತದೆ. ಆದರೆ ಸಾರಾಂಶ ಬರೆಸಬೇಡಿ, ಅದನ್ನು ಒಬ್ಬರು ಬರೆದು 45 ಜನ ನಕಲು ಮಾಡುತ್ತಾರೆ. ಬದಲಿಗೆ, ‘ಚರ್ಚೆಯಲ್ಲಿ ಯಾರ ಮಾತಿನಿಂದ ನಿನ್ನ ಅಭಿಪ್ರಾಯ ಬದಲಾಯಿತು? ಯಾವ ಪುಟದ ಬಗ್ಗೆ? ಬದಲಾಗಲಿಲ್ಲವಾದರೆ ಯಾಕೆ?’ ಎಂದು ಒಂದು ಪುಟ ಬರೆಸಿ. ನಕಲು ಮಾಡಲು ಆಗದ ಉತ್ತರ ಅದು. ಅಂಕ ಕೊಡುವಾಗ ಪುಟ ತೋರಿಸಿದ್ದಾರೆಯೇ, ಗೆಳೆಯರ ಮಾತನ್ನು ಸರಿಯಾಗಿ ಎತ್ತಿ ಹೇಳಿದ್ದಾರೆಯೇ ಎಂಬ ಎರಡನ್ನೇ ನೋಡಿ. ಬರೆಯಲು ಕಷ್ಟಪಡುವ ಮಕ್ಕಳು ನಿಮ್ಮ ಬಳಿ ಬಂದು ಬಾಯಲ್ಲಿ ಹೇಳಲಿ, ನೀವು ಬರೆದುಕೊಳ್ಳಿ. ಅಂಕದಲ್ಲಿ ವ್ಯತ್ಯಾಸ ಬೇಡ.

ಮೊದಲ ಎರಡು ವಾರ ‘ಟೀಚರ್, ಸರಿಯುತ್ತರ ಯಾವುದು?’ ಎಂಬ ಒತ್ತಾಯ ಬಹಳ ಇರುತ್ತದೆ. ಮುಂದಿನ ಬೆಂಚಿನ ಆ ನಾಲ್ವರೇ ಹೆಚ್ಚು ಚಡಪಡಿಸುತ್ತಾರೆ, ಅವರಿಗೆ ಗೊತ್ತಿರುವ ಆಟದ ನಿಯಮ ಬದಲಾಗಿದೆ. ಅವರನ್ನು ಬೇರೆ ಬೇರೆ ಗುಂಪಿಗೆ ಹಾಕಿ, ಗುಂಪಿನಲ್ಲಿ ಇನ್ನೊಬ್ಬರು ಹೇಳಿದ್ದನ್ನು ತರಗತಿಗೆ ವರದಿ ಮಾಡುವ ಕೆಲಸವನ್ನು ಅವರಿಗೆ ಕೊಡಿ. ನಾಲ್ಕನೇ ವಾರದ ಹೊತ್ತಿಗೂ ಹಿಂದಿನ ಬೆಂಚುಗಳಿಂದ ಒಂದೂ ಪ್ರಶ್ನೆ ಬೋರ್ಡಿಗೆ ಬಾರದಿದ್ದರೆ ಮತ್ತೆ ಬರೆಯಿರಿ. ಮಕ್ಕಳು ಬರೆದಿಟ್ಟ ಗೊಂದಲದ ಸಾಲುಗಳಲ್ಲಿ ಹತ್ತನ್ನು ಪತ್ರದ ಜೊತೆಗೆ ಕಳುಹಿಸಿ. ಅವನ್ನು ನೋಡಿದರೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳಲು ಸುಲಭವಾಗುತ್ತದೆ.